ಟೈಲ್ ಲೈಟು, ಹೆಡ್‌ಲೈಟು ಕಪ್ಪು ಮಾಡಿಸೋ ಮುಂಚೆ ಇದನ್ನು ಓದಿ. ಆಗಲೇ ಮಾಡಿಸಿ ಕೆಟ್ಟಿದ್ದರೂ ಓದಿ

ಕಾರು ಓಡಿಸುವವನು ತನ್ನ ಹಿಂದಿನ ಲೈಟನ್ನು ಯಾವತ್ತೂ ನೋಡುವುದಿಲ್ಲ. ಈ ಇಡೀ ಕೆಲಸದಲ್ಲಿರುವ ತಾಪತ್ರಯವೇ ಇದು. ಕಾರು ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದರೆ ಸ್ಮೋಕ್ ಫಿಲ್ಮ್ (ಹೊಗೆ ಬಣ್ಣದ ತೆಳು ಅಂಟು ಹಾಳೆ) ಹಾಕಿದ ಟೈಲ್ ಲೈಟು ಮಸ್ತ್ ಕಾಣುತ್ತದೆ, ನಿಜ. ಆದರೆ ಅದು ಆಫ್ ಆಗಿರುವಾಗಿನ ಚೆಂದ. ಆನ್ ಆದಾಗ ಹೇಗಿರುತ್ತದೆ ಅನ್ನೋದು ಹಿಂದೆ ಬರುವವನಿಗೆ ಮಾತ್ರ ಗೊತ್ತು.

ನನಗೆ ಇದು ಗೊತ್ತಾಗಿದ್ದು ಶಿರಾಡಿ ಘಾಟಿಯಲ್ಲಿ. ಜುಲೈ ತಿಂಗಳು, ಮಳೆ, ಮಂಜು. ನಾನು ಮುಂದೆ, ನಮ್ಮ ಭಾವ ಹಿಂದೆ ಇನ್ನೊಂದು ಕಾರಿನಲ್ಲಿ. ಸಕಲೇಶಪುರ ದಾಟಿ ಇಳಿಜಾರು ಶುರುವಾದ ಮೇಲೆ ಎರಡು ಸಲ ಜೋರಾಗಿ ಹಾರ್ನ್ ಹೊಡೆದರು, ನಾನು ಏನೋ ತಮಾಷೆ ಅಂದುಕೊಂಡೆ. ಗುಂಡ್ಯದಲ್ಲಿ ಕಾಫಿಗೆ ನಿಲ್ಲಿಸಿದಾಗ ಇಳಿದು ಬಂದವರೇ ಕೇಳಿದರು: "ಏನಯ್ಯಾ, ನಿನ್ನ ಕಾರಿಗೆ ಬ್ರೇಕ್ ಲೈಟೇ ಇಲ್ವಾ?" ಇದೆ ಭಾವ, ಉರಿಯುತ್ತೆ ಅಂದೆ. "ಉರಿದ್ರೆ ನಂಗೆ ಕಾಣ್ಬೇಕಲ್ಲ" ಅಂದರು. ಬ್ರೇಕ್ ಒತ್ತಿ ತೋರಿಸಿದೆ. ಹಗಲು ಹನ್ನೊಂದು ಗಂಟೆಗೆ, ಹತ್ತು ಹೆಜ್ಜೆ ದೂರದಿಂದ, ಅದು ಊದುಬತ್ತಿಯ ತುದಿ ಥರ ಕಾಣುತ್ತಿತ್ತು.

ಹಾಗಾಗಿ ಈ ಲೇಖನದಲ್ಲಿ ಸ್ವಲ್ಪ ಭಾಗ ಹಚ್ಚುವುದರ ಬಗ್ಗೆ, ಅದಕ್ಕಿಂತ ಜಾಸ್ತಿ ತೆಗೆಯುವುದರ ಬಗ್ಗೆ ಇದೆ. ನನ್ನ ಅನುಭವದಲ್ಲಿ ಹಚ್ಚೋಕೆ ಒಂದು ಗಂಟೆ, ತೆಗೆಯೋಕೆ ಎರಡು ಭಾನುವಾರ.

ಮೊದಲು ಲೆಕ್ಕ

ಅಂಗಡಿಯಲ್ಲಿ "ಲೈಟ್ ಸ್ಮೋಕ್ ಸಾರ್, ಏನೂ ಆಗಲ್ಲ" ಅನ್ನುತ್ತಾರೆ. ಒಂದು ಫಿಲ್ಮು 100ರಲ್ಲಿ 50 ಭಾಗ ಬೆಳಕನ್ನು ಹೊರಗೆ ಬಿಡುತ್ತದೆ ಅಂತಿಟ್ಟುಕೊಳ್ಳಿ. ಇನ್ನೂ ಸ್ವಲ್ಪ ಕಪ್ಪು ಇರಲಿ ಅಂತ ಅದರ ಮೇಲೆ ಇನ್ನೊಂದು ಪದರ ಹಾಕಿದರೆ ಉಳಿಯುವುದು 25. ಸ್ಪ್ರೇ ಹೊಡೆಯುವಾಗಲೂ ಇದೇ ಲೆಕ್ಕ, ಪ್ರತಿ ಕೋಟು ಉಳಿದ ಬೆಳಕಿನಲ್ಲಿ ಪಾಲು ಕೇಳುತ್ತದೆ.

ಇದಕ್ಕಿಂತ ಕೆಟ್ಟದ್ದು ರಿಫ್ಲೆಕ್ಟರಿನ ಕಥೆ. ತುಂಬಾ ಕಾರುಗಳಲ್ಲಿ ಟೈಲ್ ಲೈಟಿನೊಳಗೇ ಜೇನುಗೂಡಿನಂತೆ ಕಾಣುವ ಒಂದು ತುಂಡು ಇರುತ್ತದೆ, ಇಲ್ಲದಿದ್ದರೆ ಬಂಪರಿನಲ್ಲಿ ಇರುತ್ತದೆ. ಅದಕ್ಕೆ ಬಲ್ಬ್ ಇಲ್ಲ. ಹಿಂದಿನ ಗಾಡಿಯ ಬೆಳಕನ್ನು ಹಾಗೇ ವಾಪಸ್ ಕಳಿಸುವುದೇ ಅದರ ಕೆಲಸ. ಅಂದರೆ ಬೆಳಕು ಫಿಲ್ಮಿನ ಮೂಲಕ ಒಳಗೆ ಹೋಗುವಾಗ ಒಮ್ಮೆ ಅರ್ಧ ಆಗುತ್ತದೆ, ಹೊರಗೆ ಬರುವಾಗ ಮತ್ತೊಮ್ಮೆ. 50ರ ಫಿಲ್ಮಿಗೆ 25 ಉಳಿಯುತ್ತದೆ. ಎರಡು ಪದರವಾದರೆ 6 ಚಿಲ್ಲರೆ. ರಾತ್ರಿ ಹೈವೇ ಪಕ್ಕ ಬ್ಯಾಟರಿ ಸತ್ತು ಕಾರು ನಿಂತರೆ, ನೀವಿದ್ದೀರಿ ಅಂತ ಲಾರಿಯವನಿಗೆ ಹೇಳುವುದು ಈ ತುಂಡು ಒಂದೇ. ಅದರ ಮೇಲೆ ಮಾತ್ರ ಏನನ್ನೂ ಹಚ್ಚಬೇಡಿ.

"ದೊಡ್ಡ ಬಲ್ಬ್ ಹಾಕಿದರೆ ಸರಿಹೋಗುತ್ತೆ" ಅನ್ನುವವರೂ ಇದ್ದಾರೆ. ಹಿಂದೆ ಸಾಮಾನ್ಯವಾಗಿ ಇರುವುದು ಎರಡು ಫಿಲಮೆಂಟಿನ ಒಂದೇ ಬಲ್ಬು, ಪಾರ್ಕಿಂಗಿಗೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಜಾಸ್ತಿ ವ್ಯಾಟಿನದ್ದು ಹಾಕಿದರೆ ಹೋಲ್ಡರ್ ಕರಗುತ್ತದೆ, ವೈರು ಬಿಸಿಯಾಗುತ್ತದೆ. ಎಲ್‌ಇಡಿ ಹಾಕಿದರೆ ಬೆಳಕು ಎಲ್ಲಿಂದಲೋ ಎಲ್ಲಿಗೋ ಚೆಲ್ಲುತ್ತದೆ, ಯಾಕೆಂದರೆ ಒಳಗಿನ ಬಟ್ಟಲು ಫಿಲಮೆಂಟಿನ ಜಾಗಕ್ಕೆ ಅಳತೆ ಮಾಡಿ ಮಾಡಿದ್ದು. ಬಿಳಿ ಎಲ್‌ಇಡಿಯನ್ನು ಕೆಂಪು ಲೆನ್ಸಿನ (ಲೈಟಿನ ಹೊರಗಿನ ಪ್ಲಾಸ್ಟಿಕ್ ಮುಚ್ಚಳ) ಹಿಂದೆ ಹಾಕಿದರೆ ತಿಳಿಗುಲಾಬಿ ಬಣ್ಣ ಬೇರೆ. ಇಂಡಿಕೇಟರಿಗೆ ಹಾಕಿದರೆ ಟಿಕ್‌ಟಿಕ್ ಅನ್ನುವುದು ಎರಡು ಪಟ್ಟು ವೇಗವಾಗುತ್ತದೆ, ಎಳೆಯುವ ಕರೆಂಟು ಕಡಿಮೆಯಾಗಿ ಬಲ್ಬ್ ಸುಟ್ಟಿದೆ ಅಂತ ಗಾಡಿ ತಿಳಿದುಕೊಳ್ಳುತ್ತದೆ. ಅದೂ ಬೇಡ.

ಇನ್ನು ಕಾನೂನು. 2012ರಲ್ಲಿ ಸುಪ್ರೀಂ ಕೋರ್ಟು ಬ್ಯಾನ್ ಮಾಡಿದ್ದು ಕಿಟಕಿ ಗಾಜಿನ ಕಪ್ಪು ಫಿಲ್ಮನ್ನು, ಲೈಟಿನದ್ದನ್ನಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಸರಿ, ಆದರೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಅದರಲ್ಲಿ 182ಎ ಅಂತ ಒಂದು ಸೆಕ್ಷನ್ ಸೇರಿದೆ. ನಿಯಮ ಒಪ್ಪದ ಬದಲಾವಣೆಯನ್ನು ಮಾಲೀಕ ಮಾಡಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ರಸ್ತೆಯಲ್ಲಿ ಪೊಲೀಸರು ಎಷ್ಟು ಹಾಕುತ್ತಾರೆ ಅನ್ನೋದು ಬೇರೆ ಮಾತು. ಹಿಂದಿನಿಂದ ಯಾರಾದರೂ ಗುದ್ದಿದಾಗ "ಬ್ರೇಕ್ ಲೈಟ್ ಕಾಣಲಿಲ್ಲ" ಅಂತ ಅವರು ಹೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಆದರೂ ಮಾಡಿಯೇ ಮಾಡುತ್ತೇನೆ ಅನ್ನುವವರಿಗೆ

ಹೆಡ್‌ಲೈಟನ್ನು ಮುಟ್ಟಬೇಡಿ. ಇದರಲ್ಲಿ ಚೌಕಾಸಿ ಇಲ್ಲ. ಸಾಮಾನ್ಯ ಹ್ಯಾಲೊಜನ್ ಬಲ್ಬಿನ ಲೋ ಬೀಮು 55 ವ್ಯಾಟು. ಊರ ಹೊರಗೆ ಮಳೆಯಲ್ಲಿ ಅದೇ ಸಾಲುವುದಿಲ್ಲ, ಅದಕ್ಕೂ ಕಪ್ಪು ಕನ್ನಡಕ ಹಾಕಿದರೆ ಹೇಗೆ? ಸ್ಪ್ರೇ ಹೊಡೆದಿದ್ದರೆ ಅದರ ತರಿ ತರಿ ಮೈಯಿಂದ ಬೆಳಕು ಚದುರುತ್ತದೆ. ನಿಮ್ಮ ರಸ್ತೆಗೆ ಬೆಳಕು ಕಡಿಮೆ, ಎದುರಿನವನ ಕಣ್ಣಿಗೆ ಜಾಸ್ತಿ. ಎರಡೂ ಕಡೆ ನಷ್ಟ. ಮುಂದೆ ಕಪ್ಪು ಲುಕ್ ಬೇಕೇ ಬೇಕು ಅಂದರೆ ಒಳಗಡೆ ಬಲ್ಬಿನ ಸುತ್ತ ಇರುವ ಚೌಕಟ್ಟು ಕಪ್ಪಾಗಿರುವ, ಲೆನ್ಸು ಮಾತ್ರ ತಿಳಿಯಾಗಿರುವ ಹೆಡ್‌ಲೈಟು ಹುಡುಕಿ. ಕಾಣೋದು ಹೆಚ್ಚುಕಡಿಮೆ ಅದೇ ಥರ, ಬೆಳಕು ಹೋಗುವುದಿಲ್ಲ. ಲೆನ್ಸಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಅಂಕಿ, ಹೀಗೆ ಅಪ್ರೂವಲ್ ಗುರುತು ಅಚ್ಚಾಗಿರುವುದನ್ನು ನೋಡಿಯೇ ತೆಗೆದುಕೊಳ್ಳಿ.

ಟೈಲ್ ಲೈಟಿಗೂ ಇದೇ ಮಾತು. ಕಂಪನಿಯಿಂದಲೇ ಸ್ಮೋಕ್ ಆಗಿ ಬರುವ ಲೈಟುಗಳಿವೆ, ಅವುಗಳ ಒಳಗಿನ ಬೆಳಕಿನ ಲೆಕ್ಕವನ್ನು ಆ ಬಣ್ಣಕ್ಕೆ ತಕ್ಕಂತೆ ಮಾಡಿರುತ್ತಾರೆ. ನಿಮ್ಮ ಮಾಡೆಲಿಗೆ ಸಿಕ್ಕರೆ ದುಡ್ಡು ಅಲ್ಲಿ ಹಾಕಿ.

ಸಿಗದೆ, ಫಿಲ್ಮೇ ಗತಿ ಅಂದರೆ ಮೊದಲು ಪರೀಕ್ಷೆ ಮಾಡಿ. ಒಂದು ತುಂಡು ಫಿಲ್ಮ್ ತನ್ನಿ. ಹಿಂದಿನ ಕಾಗದ ತೆಗೆಯದೆ ಬ್ರೇಕ್ ಲೈಟಿನ ಮೇಲೆ ಹಿಡಿದರೆ ಪ್ರಯೋಜನ ಇಲ್ಲ. ಕಾಗದ ಬಿಚ್ಚಿ, ಲೆನ್ಸಿಗೂ ಅಂಟಿಗೂ ಸೋಪು ನೀರು ಚೆನ್ನಾಗಿ ಚಿಮುಕಿಸಿ, ಒಂದು ಬದಿಯ ಲೈಟಿಗೆ ಮಾತ್ರ ಹಗುರವಾಗಿ ಕೂರಿಸಿ. ಮಧ್ಯಾಹ್ನದ ಬಿಸಿಲು ಹಿಂಬದಿಗೆ ಬೀಳುವ ಹಾಗೆ ಕಾರು ನಿಲ್ಲಿಸಿ. ಮನೆಯವರೊಬ್ಬರನ್ನು ಬ್ರೇಕ್ ಒತ್ತಿ ಬಿಡಲು ಕೂರಿಸಿ, ನೀವು ಮೂವತ್ತು ದೊಡ್ಡ ಹೆಜ್ಜೆ ಹಿಂದೆ ಹೋಗಿ. ಎರಡೂ ಬದಿ ಒಂದೇ ಕ್ಷಣಕ್ಕೆ ಕಣ್ಣಿಗೆ ಬೀಳುತ್ತಿವೆಯಾ? ಕಪ್ಪು ಬದಿಯನ್ನು "ಹುಡುಕಿ" ನೋಡಬೇಕಾದರೆ ಅಲ್ಲಿಗೇ ನಿಲ್ಲಿಸಿ. ಜನ ಈ ಪರೀಕ್ಷೆಯನ್ನು ರಾತ್ರಿ ಪಾರ್ಕಿಂಗ್ ಜಾಗದಲ್ಲಿ ಮಾಡುತ್ತಾರೆ. ರಾತ್ರಿ ಎಂಥ ಲೈಟೂ ಕಾಣುತ್ತದೆ, ಸೋಲುವುದು ಹಗಲಿನಲ್ಲಿ.

ಪಾಸಾದರೆ ಕೆಲಸ ಶುರು ಮಾಡಿ. ರಿವರ್ಸ್ ಲೈಟು, ಇಂಡಿಕೇಟರು, ರಿಫ್ಲೆಕ್ಟರು ಈ ಮೂರನ್ನು ಬಿಟ್ಟುಬಿಡಿ, ಫಿಲ್ಮ್ ಅವುಗಳ ಸುತ್ತ ಮಾತ್ರ ಬರುವ ಹಾಗೆ ಕತ್ತರಿಸಿ. ರಿವರ್ಸ್ ಲೈಟು ಮುಚ್ಚಿದರೆ ಮೊದಲು ಕೈಕೊಡುವುದು ರಿವರ್ಸ್ ಕ್ಯಾಮೆರಾ, ರಾತ್ರಿ ಅದಕ್ಕೆ ಇರುವ ಬೆಳಕು ಅದೊಂದೇ. ಲೆನ್ಸನ್ನು ಶಾಂಪೂ ನೀರಿನಲ್ಲಿ ತೊಳೆದು, ಮತ್ತೆ ಸೋಪು ನೀರು ಚಿಮುಕಿಸಿ, ಫಿಲ್ಮ್ ಕೂರಿಸಿ ನಡುವಿನಿಂದ ಅಂಚಿಗೆ ಸ್ಕ್ವೀಜಿಯಿಂದ (ನೀರು ತಳ್ಳುವ ಮೆತ್ತನೆ ಪಟ್ಟಿ) ನೀರು ತಳ್ಳಿ. ತಿರುವಿನಲ್ಲಿ ಸುಕ್ಕು ಬಂದರೆ ಹೇರ್ ಡ್ರೈಯರಿನ ಬಿಸಿ ತೋರಿಸಿ, ಎಳೆದು, ಮತ್ತೆ ಒತ್ತಿ. ಕತ್ತರಿಸುವಾಗ ಬ್ಲೇಡು ಕಾರಿನ ಪೇಂಟಿನ ಮೇಲೆ ಓಡದ ಹಾಗೆ ಲೈಟಿನ ಸಂದಿಯೊಳಗೆ ಓಡಿಸಿ. ಒಂದು ದಿನ ತೊಳೆಯಬೇಡಿ. ಅಷ್ಟೇ.

ಡಬ್ಬಿ ಸ್ಪ್ರೇ ಬಗ್ಗೆ ನಾನು ಹೇಗೆ ಹೊಡೆಯೋದು ಅಂತ ಬರೆಯುವುದಿಲ್ಲ. ಫಿಲ್ಮ್ ಬೇಡವಾದರೆ ಕಿತ್ತು ಬಿಸಾಕಬಹುದು. ಸ್ಪ್ರೇ ಲೆನ್ಸಿಗೆ ಕಚ್ಚಿಕೊಂಡು ಕೂರುತ್ತದೆ, ಎಡಕ್ಕೆ ಮೂರು ಕೋಟು ಬಲಕ್ಕೆ ಮೂರೂವರೆ ಅಂತ ಎರಡೂ ಬದಿ ಯಾವತ್ತೂ ಸಮ ಬರುವುದಿಲ್ಲ.

ತೆಗೆಯುವುದು: ಫಿಲ್ಮ್ ಇದ್ದರೆ

ಹೊಸ ಫಿಲ್ಮಾದರೆ ಹತ್ತು ನಿಮಿಷದ ಕೆಲಸ. ಎರಡು ಬೇಸಿಗೆ ಕಂಡ ಫಿಲ್ಮಾದರೆ ತಾಳ್ಮೆ ಬೇಕು. ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಇದ್ದರೆ ದೂರ ಹಿಡಿದು ಓಡಾಡಿಸುತ್ತಲೇ ಇರಿ, ಲೆನ್ಸ್ ಮುಟ್ಟಿದರೆ ಕೈಗೆ ಬಿಸಿ ಅನ್ನಿಸಬೇಕು, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಅಲ್ಲ. ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ. ಎಬ್ಬಿಸಿದ ಮೇಲೆ ಮೇಲಕ್ಕೆ ಎಳೆಯಬೇಡಿ, ಬಾಳೆಎಲೆ ಮಡಚಿದ ಹಾಗೆ ಹಿಂದಕ್ಕೆ ಮಡಚಿ, ಲೆನ್ಸಿಗೆ ತಾಗಿಕೊಂಡೇ ನಿಧಾನಕ್ಕೆ ಎಳೆಯಿರಿ. ತುಂಡಾಯಿತೋ, ಮತ್ತೆ ಬಿಸಿ ಮಾಡಿ ಶುರು.

ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ. ಸುಮ್ನೆ ಹೇಳುತ್ತಿಲ್ಲ. ಬಟ್ಟೆ ಅದ್ದಿ ಅಂಟಿನ ಮೇಲೆ ಹಾಸಿ, ಇಪ್ಪತ್ತು ನಿಮಿಷ ಬಿಟ್ಟು, ಬೆರಳಿನಿಂದ ಉಜ್ಜಿದರೆ ರವೆಯ ಹಾಗೆ ಉಂಡೆ ಉಂಡೆಯಾಗಿ ಬರುತ್ತದೆ. ಆಮೇಲೆ ಶಾಂಪೂ ನೀರು. ನಿಧಾನ, ಆದರೆ ಲೆನ್ಸಿಗೆ ಏನೂ ಆಗುವುದಿಲ್ಲ.

ಹೆಡ್‌ಲೈಟಿನ ಮೇಲೆ ಹಳೆಯ ಫಿಲ್ಮ್ ಇದ್ದರೆ ಒಂದು ಎಚ್ಚರಿಕೆ: ಕೆಳಗಿನ ಕಾರ್ಖಾನೆಯ ಕೋಟಿಂಗ್ ಮೊದಲೇ ಸೀಳು ಬಿಟ್ಟಿದ್ದರೆ ಫಿಲ್ಮಿನ ಜೊತೆ ಅದೂ ಹಪ್ಪಳದ ಹಾಗೆ ಎದ್ದು ಬರುತ್ತದೆ. ಗಾಬರಿ ಬೇಡ, ಕೆಳಗೆ ಹೇಳುವ ಉಜ್ಜುವ ಕೆಲಸ ಅದಕ್ಕೂ ಆಗುತ್ತದೆ.

ತೆಗೆಯುವುದು: ಸ್ಪ್ರೇ ಇದ್ದರೆ

ಇಲ್ಲಿ ನನ್ನ ತಪ್ಪು ಮೊದಲು ಹೇಳಿಬಿಡುತ್ತೇನೆ. ನನ್ನ ಕಾರಿನದ್ದು ಫಿಲ್ಮಲ್ಲ, ಸ್ಪ್ರೇ. ಸ್ಪ್ರೇ ಅಂದರೆ ಪೇಂಟು, ಪೇಂಟು ಅಂದರೆ ಥಿನ್ನರು, ಅಂತ ನನ್ನ ತಲೆ ಓಡಿತು. ಹಳೇ ಬನಿಯನ್ ತುಂಡಿಗೆ ಥಿನ್ನರ್ ಹಾಕಿ ಎಡಗಡೆಯ ಟೈಲ್ ಲೈಟಿಗೆ ಒರೆಸಿದೆ. ಕಪ್ಪು ಸೊಗಸಾಗಿ ಬಂತು. ಖುಷಿಯಾಗಿ ಇನ್ನೆರಡು ಸಲ ಒರೆಸಿದೆ. ಅರ್ಧ ನಿಮಿಷದಲ್ಲಿ ಲೆನ್ಸು ಮಜ್ಜಿಗೆ ಬಣ್ಣಕ್ಕೆ ತಿರುಗಿತು, ನೋಡ್ತಾ ನೋಡ್ತಾ ಒಳಗೆ ಜೇಡರ ಬಲೆಯಂಥ ಸಣ್ಣ ಸಣ್ಣ ಬಿರುಕು ಹರಡಿತು. ಉಗುರಿಗೆ ಸಿಗುವುದಿಲ್ಲ, ಕಣ್ಣಿಗೆ ಸಿಗುತ್ತದೆ. ಉಜ್ಜಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಮೇಲೆ ಇಲ್ಲ, ಪ್ಲಾಸ್ಟಿಕ್ಕಿನ ಒಳಗಿದೆ. ಆ ಲೈಟಿನ ಕಥೆ ಅಲ್ಲಿಗೆ ಮುಗಿಯಿತು. ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಲೈಟು ತಂದು ಹಾಕಿದೆ. ಈಗಲೂ ಎಡದ ಕೆಂಪು ಬಲದ ಕೆಂಪಿಗಿಂತ ಒಂದು ಕೂದಲೆಳೆ ಗಾಢ.

ಟೈಲ್ ಲೈಟಿನ ಲೆನ್ಸು ಸಾಮಾನ್ಯವಾಗಿ ಅಕ್ರಿಲಿಕ್, ಹೆಡ್‌ಲೈಟಿನದ್ದು ಪಾಲಿಕಾರ್ಬೊನೇಟ್. ಎರಡಕ್ಕೂ ಥಿನ್ನರ್, ಅಸಿಟೋನ್, ಉಗುರು ಬಣ್ಣ ತೆಗೆಯುವ ದ್ರವ, ಪೆಟ್ರೋಲ್ ಯಾವುದೂ ಬೇಡ. ಅಕ್ರಿಲಿಕ್ಕಿಗೆ ಸ್ಪಿರಿಟ್ ಕೂಡ ಆಗುವುದಿಲ್ಲ.

ಹಾಗಾದರೆ? ವಾಟರ್ ಪೇಪರ್, ಅಂದರೆ ನೀರಿನಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ. ಟೈಲ್ ಲೈಟು ಬಿಚ್ಚಿಕೊಂಡರೆ ಕೆಲಸ ಸುಲಭ. ತುಂಬಾ ಕಾರುಗಳಲ್ಲಿ ಡಿಕ್ಕಿ ತೆಗೆದರೆ ಎರಡು ಸ್ಕ್ರೂ ಅಥವಾ 10ರ ಸ್ಪ್ಯಾನರಿನ ನಟ್ಟು ಕಾಣುತ್ತದೆ, ಬಿಚ್ಚಿ ನೇರ ಹಿಂದಕ್ಕೆ ಎಳೆದರೆ ಬರುತ್ತದೆ. ಬಗ್ಗಿಸಿ ಎಳೆದರೆ ಪ್ಲಾಸ್ಟಿಕ್ ಲಾಕು ಟಪ್ ಅನ್ನುತ್ತದೆ. ಹೆಡ್‌ಲೈಟು ಬಿಚ್ಚಲು ಅನೇಕ ಕಾರುಗಳಲ್ಲಿ ಮುಂದಿನ ಬಂಪರೇ ಇಳಿಸಬೇಕು, ಆ ಗೋಜು ಬೇಡ. ಸುತ್ತಲಿನ ಪೇಂಟಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ ಗಾಡಿಯ ಮೇಲೇ ಮಾಡಿ.

ಪೇಂಟ್ ಅಂಗಡಿಯಲ್ಲಿ 800, 1000, 1500, 2000, 3000 ನಂಬರಿನ ವಾಟರ್ ಪೇಪರ್ ಕೇಳಿ. ಬಕೆಟ್ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಪೇಪರನ್ನು ಹತ್ತು ನಿಮಿಷ ನೆನೆಸಿಡಿ. ಮೊದಲು 1000ದಿಂದ ಒಂದು ಮೂಲೆಯಲ್ಲಿ ಪ್ರಯತ್ನಿಸಿ, ಸ್ಪ್ರೇ ದಪ್ಪಗಿದ್ದು ಹಂದಾಡದಿದ್ದರೆ ಮಾತ್ರ 800ಕ್ಕೆ ಇಳಿಯಿರಿ.

ಉಜ್ಜುವಾಗ ಕಣ್ಣು ಇರಬೇಕಾದ್ದು ಲೆನ್ಸಿನ ಮೇಲಲ್ಲ, ಇಳಿಯುವ ನೀರಿನ ಮೇಲೆ. ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಪದರ) ಇದ್ದರೆ ಮೊದಲು ಹಾಲಿನಂಥ ಬಿಳಿ ನೀರು ಬರುತ್ತದೆ. ಆಮೇಲೆ ಬೂದಿ ಬಣ್ಣ, ಅದು ಟಿಂಟು, ಅಂದರೆ ಸ್ಪ್ರೇ ಹೊಡೆದ ಕಪ್ಪು. ನೀರು ತಿಳಿಗೆಂಪಾಯಿತು ಅಂದರೆ ಟಿಂಟ್ ಮುಗಿದು ಲೆನ್ಸನ್ನೇ ತೇಯುತ್ತಿದ್ದೀರಿ ಅಂತ, ಆ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ. ಹೊರ ಲೆನ್ಸು ಬಿಳಿಯಾಗಿದ್ದು ಕೆಂಪು ಒಳಗಿರುವ ಲೈಟಾದರೆ ಕೊನೆಗೂ ಬಿಳಿ ನೀರೇ ಬರುತ್ತದೆ, ಆಗ ಬೂದಿ ನಿಂತಿತೇ ಅಂತ ನೋಡಿ. ಅಚ್ಚಾಗಿರುವ ಅಕ್ಷರಗಳ ಮೇಲೆ ಪೇಪರ್ ಓಡಿಸಬೇಡಿ, ಆ ಅಪ್ರೂವಲ್ ಗುರುತು ಉಳಿಯಬೇಕು. ಅಲ್ಲಿ ಸಿಕ್ಕಿಕೊಂಡ ಕಪ್ಪನ್ನು ಹಳೇ ಟೂತ್‌ಬ್ರಶ್ಶಿಗೆ ರಬ್ಬಿಂಗ್ ಕಾಂಪೌಂಡ್ (ಗೀರು ತೆಗೆಯುವ ಪೇಸ್ಟು) ಹಾಕಿ ತೆಗೆಯಿರಿ.

ಟಿಂಟ್ ಪೂರ್ತಿ ಹೋದ ಮೇಲೆ ಲೆನ್ಸು ಮಂಕಾಗಿ, ಅಯ್ಯೋ ಹಾಳಾಯ್ತಲ್ಲ ಅನ್ನಿಸುವ ಹಾಗೆ ಕಾಣುತ್ತದೆ. ಹಾಗೇ ಕಾಣಬೇಕು. ಈಗ 1500 ಅಡ್ಡಕ್ಕೆ, 2000 ಉದ್ದಕ್ಕೆ, 3000 ಮತ್ತೆ ಅಡ್ಡಕ್ಕೆ. ದಿಕ್ಕು ಬದಲಿಸುವುದಕ್ಕೆ ಕಾರಣ ಇದೆ, ಹಿಂದಿನ ಪೇಪರಿನ ಗೀರು ಉಳಿದಿದ್ದರೆ ಅಡ್ಡಡ್ಡ ಕಂಡುಬಿಡುತ್ತದೆ. ಪ್ರತಿ ನಂಬರಿನ ನಂತರ ಲೆನ್ಸನ್ನು ಒರೆಸಿ, ಪೂರ್ತಿ ಒಣಗಿಸಿ ನೋಡಿ. ಒದ್ದೆ ಲೆನ್ಸು ಯಾವಾಗಲೂ ಚೆಂದವೇ, ಸುಳ್ಳು ಹೇಳುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಪಾಲಿಶ್ ಹೊಡೆದರೂ ಬಿಸಿಲಿನಲ್ಲಿ ಗೀರು ಎದ್ದು ಕಾಣುತ್ತದೆ, ಆಗ ಮತ್ತೆ 1500ಕ್ಕೆ ವಾಪಸ್ ಬರಬೇಕು. ನಾನು ಎರಡು ಸಲ ಬಂದೆ.

ಆಮೇಲೆ ರಬ್ಬಿಂಗ್ ಕಾಂಪೌಂಡು, ನಂತರ ಫೈನ್ ಪಾಲಿಶ್. ಕೈಯಲ್ಲಿ ಮಾಡಿದರೆ ರಟ್ಟೆ ನೋಯುತ್ತದೆ, ಆದರೆ ಅಪಾಯ ಇಲ್ಲ. ಡ್ರಿಲ್ಲಿಗೆ ಸ್ಪಂಜಿನ ಪ್ಯಾಡ್ ಹಾಕಿ ಮಾಡುವುದಾದರೆ ಕಡಿಮೆ ವೇಗದಲ್ಲಿ, ಒಂದೇ ಕಡೆ ನಿಲ್ಲದೆ ಓಡಿಸುತ್ತಿರಿ. ಅಕ್ರಿಲಿಕ್ ಬೇಗ ಬಿಸಿಯಾಗಿ ಮೆತ್ತಗಾಗುತ್ತದೆ, ಪ್ಯಾಡಿನ ಗುರುತು ಅಲ್ಲೇ ಕೂತುಬಿಡುತ್ತದೆ. ಟೂತ್‌ಪೇಸ್ಟ್ ಹಚ್ಚಿದರೆ ಸಾಕು ಅನ್ನುವ ವಿಡಿಯೋಗಳಿವೆ ಅಲ್ವಾ, ಅದು ಮದುವೆಗೆ ಹೋಗುವ ದಿನ ಬೆಳಿಗ್ಗೆ ಮಾಡಿಕೊಳ್ಳುವ ಕೆಲಸ. ಟಿಂಟೂ ಹೋಗುವುದಿಲ್ಲ, ಗೀರೂ ಹೋಗುವುದಿಲ್ಲ.

ಟೈಲ್ ಲೈಟಿನ ಕೆಲಸ ಇಲ್ಲಿಗೆ ಮುಗಿಯಿತು. ಮೇಲೆ ವ್ಯಾಕ್ಸ್ ಹಚ್ಚಿದರೆ ಸಾಕು.

ಹೆಡ್‌ಲೈಟಿಗೆ ಇನ್ನೊಂದು ಹಂತ ಇದೆ

ಪಾಲಿಕಾರ್ಬೊನೇಟ್ ಗಟ್ಟಿ, ಆದರೆ ಬಿಸಿಲು ತಡೆಯುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಮೇಲೆ ಯುವಿ ತಡೆಯುವ ಕೋಟಿಂಗ್ ಹಾಕಿರುತ್ತಾರೆ. ಟಿಂಟ್ ತೆಗೆಯಲು ಉಜ್ಜಿದಾಗ ನೀವು ಅದನ್ನೂ ಉಜ್ಜಿರುತ್ತೀರಿ. ಹಾಗೇ ಬಿಟ್ಟರೆ ಮೊದಲ ವಾರ ಶೋರೂಮಿನಿಂದ ಬಂದ ಹಾಗಿರುತ್ತದೆ, ಕೆಲವೇ ತಿಂಗಳಲ್ಲಿ ಮೊದಲಿಗಿಂತ ಜಾಸ್ತಿ ಹಳದಿ. ರಸ್ತೆ ಬದಿ ಅರ್ಧ ಗಂಟೆಯಲ್ಲಿ "ಹೆಡ್‌ಲೈಟ್ ರಿಸ್ಟೋರೇಶನ್" ಮಾಡಿಕೊಡುವವರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ಉಜ್ಜಿದ ಮೇಲೆ ಏನು ಹಾಕುತ್ತೀರಿ?

ಎರಡು ದಾರಿ. ಒಂದು, ತಿಳಿಯಾದ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್). ಬಣ್ಣ ಇಲ್ಲ, ಕಲ್ಲೇಟಿಗೂ ತಡೆ, ಹಳೆಯದಾದರೆ ಕಿತ್ತು ಹೊಸದು ಹಾಕಬಹುದು. ಕೈಕೆಲಸ ಹೊಸದಾದವರಿಗೆ ನಾನು ಹೇಳುವುದು ಇದನ್ನೇ. ಇದಕ್ಕೆ ಪಾಲಿಶ್ ಪೂರ್ತಿ ಮಾಡಿಕೊಂಡಿರಬೇಕು.

ಇನ್ನೊಂದು, ಹಾರ್ಡನರ್ ಸೇರುವ 2ಕೆ ಕ್ಲಿಯರ್, ಅಂದರೆ ಎರಡು ಭಾಗ ಬೆರೆಸಿ ಹೊಡೆಯುವ ಕ್ಲಿಯರ್ ಕೋಟ್. ಇದು ಜಾಸ್ತಿ ದಿನ ಬಾಳುತ್ತದೆ. ಆದರೆ ಅದರಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಉಸಿರಿಗೆ ಬಹಳ ಕೆಟ್ಟದ್ದು. ಬಟ್ಟೆ ಮಾಸ್ಕು, ಕರ್ಚೀಫು ಲೆಕ್ಕಕ್ಕಿಲ್ಲ. ಪೇಂಟರುಗಳು ಹಾಕುವ ಕಾರ್ಟ್ರಿಜ್ ಮಾಸ್ಕ್, ಗ್ಲೌಸು, ಬಯಲು ಜಾಗ ಇಲ್ಲದೆ ಮುಟ್ಟಬೇಡಿ. ಇಲ್ಲದಿದ್ದರೆ ಉಜ್ಜುವ ಕೆಲಸ ನೀವೇ ಮುಗಿಸಿ, ಹತ್ತಿರದ ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿನಲ್ಲಿ ಕ್ಲಿಯರ್ ಮಾತ್ರ ಹೊಡೆಸಿ, ಅವರಿಗೆ ಅದು ಹತ್ತು ನಿಮಿಷದ ಕೆಲಸ. ಕ್ಲಿಯರ್ ಹಾಕುವುದಾದರೆ 1500–2000ದಲ್ಲೇ ಉಜ್ಜುವುದನ್ನು ನಿಲ್ಲಿಸಿ, ಪಾಲಿಶ್ ಮಾಡಬೇಡಿ. ಕನ್ನಡಿಯಂತಾದ ಮೈಗೆ ಕ್ಲಿಯರ್ ಹಿಡಿಯುವುದಿಲ್ಲ. ಆ ಮಂಕು ಕ್ಲಿಯರ್ ಬಿದ್ದ ಕೂಡಲೇ ಮಾಯವಾಗುತ್ತದೆ, ಈ ಇಡೀ ಕೆಲಸದಲ್ಲಿ ಕಣ್ಣಿಗೆ ಹಬ್ಬ ಅನ್ನಿಸುವ ಕ್ಷಣ ಅದೊಂದೇ.

ವಾಪಸ್ ಜೋಡಿಸಿದ ಮೇಲೆ

ಟೈಲ್ ಲೈಟ್ ಕೂರಿಸುವಾಗ ಹಿಂದಿನ ಸ್ಪಂಜಿನಂಥ ಗ್ಯಾಸ್ಕೆಟ್ ಮಡಚಿಕೊಂಡಿಲ್ಲ ಅಂತ ನೋಡಿ, ಇಲ್ಲದಿದ್ದರೆ ಮೊದಲ ಮಳೆಗೆ ಡಿಕ್ಕಿಯಲ್ಲಿ ನೀರು. ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್, ರಿವರ್ಸ್ ನಾಲ್ಕನ್ನೂ ಹಾಕಿ ನೋಡಿ. ಮತ್ತೆ ಅದೇ ಮಧ್ಯಾಹ್ನದ ಮೂವತ್ತು ಹೆಜ್ಜೆ ಪರೀಕ್ಷೆ.

ಹೆಡ್‌ಲೈಟು ಬಿಚ್ಚಿದ್ದರೆ ಬೀಮಿನ ಎತ್ತರ ಹೊಂದಿಸಲೇಬೇಕು. ಸಮತಟ್ಟು ಜಾಗದಲ್ಲಿ ಗೋಡೆಗೆ ಎದುರಾಗಿ 5 ಮೀಟರ್ ದೂರ ಕಾರು ನಿಲ್ಲಿಸಿ, ಟೈರಿನ ಗಾಳಿ ಸರಿ ಇರಲಿ, ಡಿಕ್ಕಿ ಖಾಲಿ ಇರಲಿ, ಡ್ಯಾಶ್‌ಬೋರ್ಡಿನಲ್ಲಿ ಎತ್ತರ ಬದಲಿಸುವ ಚಕ್ರ ಇದ್ದರೆ ಸೊನ್ನೆಗೆ ಇಡಿ. ನೆಲದಿಂದ ಹೆಡ್‌ಲೈಟಿನ ನಡುಮಧ್ಯಕ್ಕೆ ಇರುವ ಎತ್ತರವನ್ನು ಅಳೆದು ಗೋಡೆಯ ಮೇಲೆ ಟೇಪ್ ಅಂಟಿಸಿ, ಅದರ 5 ಸೆಂಟಿಮೀಟರ್ ಕೆಳಗೆ ಇನ್ನೊಂದು ಟೇಪ್. ಲೋ ಬೀಮ್ ಹಾಕಿದಾಗ ಬೆಳಕಿನ ಮೇಲಂಚು ಕೆಳಗಿನ ಟೇಪಿನ ಮೇಲೆ ಕೂರಬೇಕು. ಬಾನೆಟ್ ಎತ್ತಿದರೆ ಹೆಡ್‌ಲೈಟಿನ ಹಿಂದೆ ಹೊಂದಿಸುವ ಸ್ಕ್ರೂ ಇರುತ್ತದೆ, ಒಂದೊಂದು ಲೈಟಿಗೆ ಬಟ್ಟೆ ಮುಚ್ಚಿ ಇನ್ನೊಂದನ್ನು ತಿರುಗಿಸಿ.

ನಾನು ಇದನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಗೋಡೆಯ ಮೇಲೆ ಮಾಡಿದೆ. ಟೇಪ್ ಕೀಳಬೇಡಿ ಅಂತ ವಾಚ್‌ಮನ್‌ಗೆ ಹೇಳಿಟ್ಟಿದ್ದೇನೆ, ಇಲ್ಲಿಯವರೆಗೆ ಮೂರು ಮನೆಯವರು ಅದೇ ಗೆರೆಗೆ ತಮ್ಮ ಲೈಟು ಹೊಂದಿಸಿಕೊಂಡಿದ್ದಾರೆ.